ಈಜು ಬಾರದ ಜೀವ ಕಡಲು ದಾಟಿದ ಬಗೆ

ಜಪಾನಿನ ಹಳೆಯ ಕವಿಗಳಿಗೆ ಒಂದು ಪುಟ್ಟ ಕಡಲ ಹುಳದ ಮೇಲೆ ಬಹಳ ಮಮತೆ. ಮೀನುಗಾರ ಹೆಂಗಸರು ನೀರಿಗಿಳಿದು ಪಾಚಿ ಕೊಯ್ದು ತಂದು ದಡದಲ್ಲಿ ಒಣಹಾಕುತ್ತಿದ್ದರು. ಪಾಚಿಗೆ ಕಚ್ಚಿಕೊಂಡೇ ಬಂದ ಕಡ್ಡಿಯಂಥ ಮೈಯ ಜೀವಿ ಒಣಗುತ್ತ ಒಣಗುತ್ತ ಸೀಳುತ್ತಿತ್ತು. ಚಿಪ್ಪು ಒಡೆದದ್ದು ಎಂಬ ಅರ್ಥದಲ್ಲಿ ಅದಕ್ಕೆ ‘ವರೆಕರ’ ಎಂದು ಹೆಸರು. ಅದೇ ಸದ್ದಿನ ಮಾತಿಗೆ ಅವರ ಭಾಷೆಯಲ್ಲಿ ಇನ್ನೊಂದು ಅರ್ಥವೂ ಇದೆ: ‘ನನ್ನಿಂದಲೇ’. ಪ್ರೀತಿಯಲ್ಲಿ ನೊಂದವರು ಬೇರೆ ಯಾರನ್ನೂ ದೂರದೆ, ಇದು ನನ್ನಿಂದಲೇ ಆಯಿತು ಎಂದು ಅಳುವಾಗ ಈ ಹುಳದ ಹೆಸರನ್ನು ನೆನೆಯುತ್ತಿದ್ದರು. ಕ್ರಿ.ಶ. 905ರ ಸುಮಾರಿಗೆ ಸಂಕಲನಗೊಂಡ ‘ಕೊಕಿನ್‌ಶೂ’ ಕಾವ್ಯಸಂಗ್ರಹದಲ್ಲಿ ಈ ಶ್ಲೇಷೆ ಬರುತ್ತದೆ. ಅದಾಗಿ ನೂರು ವರ್ಷದ ಹೊತ್ತಿಗೆ ಅರಮನೆಯ ಲೇಖಕಿ ಸೇ ಶೋನಗೊನ್ ತಾನು ಪಟ್ಟಿ ಮಾಡಿದ ಕೀಟಗಳ ನಡುವೆ, ಚಿಟ್ಟೆ ಮತ್ತು ಮಿಂಚುಹುಳುಗಳ ಜೊತೆಯಲ್ಲೇ, ವರೆಕರಕ್ಕೂ ಜಾಗ ಕೊಟ್ಟಳು.

ಆ ಹೆಸರು ಸೂಚಿಸುವ ಜೀವಿಗಳಲ್ಲಿ ಒಂದು ಕಳೆದ ಐವತ್ತು ವರ್ಷಗಳಲ್ಲಿ ತನ್ನ ಕಡಲು ಬಿಟ್ಟು ಅಮೆರಿಕದ ಎರಡೂ ಕರಾವಳಿ, ಯುರೋಪಿನ ಉತ್ತರ ಸಮುದ್ರ, ಸ್ಕಾಟ್ಲೆಂಡಿನ ಕಡಲತೋಳುಗಳು, ದಕ್ಷಿಣದ ತುದಿಯ ನ್ಯೂಜಿಲೆಂಡ್ ಎಲ್ಲವನ್ನೂ ಸೇರಿದೆ. ವಿಜ್ಞಾನದಲ್ಲಿ ಅದರ ಹೆಸರು ಕ್ಯಾಪ್ರೆಲ್ಲಾ ಮ್ಯುಟಿಕಾ. ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ; ಈ ಲೇಖನದ ಮಟ್ಟಿಗೆ ಕಡ್ಡಿಸಿಗಡಿ ಎನ್ನೋಣ. ನಿಜಕ್ಕೆ ಅದು ಸಿಗಡಿಯಲ್ಲ. ಸಿಗಡಿ, ಏಡಿಗಳ ದೊಡ್ಡ ಕುಲದಲ್ಲೇ ಬೇರೊಂದು ಕವಲು. ಕಡಲದಂಡೆಯಲ್ಲಿ ಮರಳ ಮೇಲೆ ಬಿದ್ದ ಹಳೆಯ ಪಾಚಿಯನ್ನು ಎತ್ತಿದರೆ ಚಿಟಪಟ ಜಿಗಿದು ಓಡುವ ಸಣ್ಣ ಜೀವಿಗಳಿವೆಯಲ್ಲ, ಅವುಗಳ ಹತ್ತಿರದ ನೆಂಟ.

ಗಂಡು ಎಷ್ಟು ಬೆಳೆದರೂ ಸುಮಾರು 5 ಸೆಂಟಿಮೀಟರು. ಹೆಣ್ಣು ಅದಕ್ಕಿಂತ ಚಿಕ್ಕದು. ಹಿಂಗಾಲುಗಳಿಂದ ಪಾಚಿಯನ್ನೋ ಹಗ್ಗವನ್ನೋ ಬಿಗಿಯಾಗಿ ಹಿಡಿದು, ಮೈಯನ್ನು ನೆಟ್ಟಗೆ ನಿಲ್ಲಿಸಿ, ನೀರಿನ ಸೆಳೆತಕ್ಕೆ ಓಲಾಡುತ್ತ ಇರುತ್ತದೆ. ತೇಲಿಬಂದದ್ದನ್ನು ಮೀಸೆಗಳಿಂದ ಬಾಚಿ ತಿನ್ನುತ್ತದೆ. ಅದು ಸಿಗದಿದ್ದರೆ ಪಾಚಿ ಕೆರೆಯುತ್ತದೆ. ಅದೂ ಇಲ್ಲವಾದರೆ ತನಗಿಂತ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ಜಾಗ ಬದಲಿಸಬೇಕಾದರೆ ಗೇಣುಹುಳದ ಹಾಗೆ ಮೈ ಮಡಿಸಿ, ಬಿಚ್ಚಿ, ಮುಂದಕ್ಕೆ ಹೋಗುತ್ತದೆ. ಈಜು ಅದಕ್ಕೆ ಬಾರದು ಎಂದರೇ ಸರಿ. ಹಿಡಿತ ತಪ್ಪಿದರೆ ಒದ್ದಾಡಿಕೊಂಡು ಅಷ್ಟಿಷ್ಟು ದೂರ ಹೋದೀತು, ಅಷ್ಟೇ.

ನನ್ನನ್ನು ಈ ಜೀವಿಯ ಹಿಂದೆ ಬೀಳಿಸಿದ್ದು ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂಗತಿ. ಏಡಿ, ಸಿಗಡಿಗಳ ಮರಿಗಳು ಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ಡಿಂಭಗಳಾಗಿ ಕಡಲಲ್ಲಿ ತೇಲುತ್ತವೆ. ವಾರಗಟ್ಟಲೆ ತೇಲಿ, ಪ್ರವಾಹ ಎಲ್ಲಿಗೆ ಒಯ್ದರೆ ಅಲ್ಲಿ ನೆಲೆ ಹುಡುಕುತ್ತವೆ. ಕಡಲ ಜೀವಿಗಳು ದೂರದೂರಕ್ಕೆ ಹರಡುವುದು ಹೆಚ್ಚಾಗಿ ಹೀಗೆ. ಕಡ್ಡಿಸಿಗಡಿಗೆ ಅಂಥ ತೇಲುವ ಬಾಲ್ಯವೇ ಇಲ್ಲ. ತಾಯಿಯ ಎದೆಯ ಕೆಳಗೊಂದು ಚೀಲ. ಮೊಟ್ಟೆ ಅಲ್ಲೇ ಬಲಿತು, ಮರಿ ಅಲ್ಲೇ ಒಡೆದು, ತಾಯಿಯದೇ ಚಿಕ್ಕ ಪಡಿಯಚ್ಚಾಗಿ ಹೊರಗೆ ಬರುತ್ತದೆ. ಹುಟ್ಟಿದ ಕಡ್ಡಿಯಿಂದ ಪಕ್ಕದ ಕಡ್ಡಿಗೆ ಹೋದರೆ ಅದೇ ಅದರ ಪ್ರಯಾಣ. ಇಂಥದ್ದು ಶಾಂತಸಾಗರವನ್ನೂ ಅಟ್ಲಾಂಟಿಕ್ಕನ್ನೂ ದಾಟಿದ್ದು ಹೇಗೆ?

ಮೊದಲು ಅದರ ತವರಿನ ಸುದ್ದಿ. 1935ರಲ್ಲಿ ಶೂರಿನ್ ಎಂಬ ವಿಜ್ಞಾನಿ ವ್ಲಾಡಿವೊಸ್ಟಾಕ್ ಬಳಿಯ ಪೀಟರ್ ದಿ ಗ್ರೇಟ್ ಕೊಲ್ಲಿಯಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು. ಜಪಾನ್ ಸಮುದ್ರದ ಸುತ್ತಲ ತಣ್ಣನೆಯ ನೀರು ಅದರ ನೆಲೆ. 1973ರಲ್ಲಿ ಅದು ಕ್ಯಾಲಿಫೋರ್ನಿಯಾದ ಹಂಬೋಲ್ಟ್ ಕೊಲ್ಲಿಯಲ್ಲಿ ಸಿಕ್ಕಿತು. ಸಿಕ್ಕಿದವರಿಗೆ ಇದು ಪರದೇಶಿ ಎಂದು ಗೊತ್ತಾಗಲಿಲ್ಲ; 1977ರಲ್ಲಿ ಅದಕ್ಕೆ ಹಂಬೋಲ್ಟಿನ ಹೆಸರನ್ನೇ ಸೇರಿಸಿ ಹೊಸ ಉಪಜಾತಿ ಎಂದು ದಾಖಲಿಸಿದರು. 1990ರ ದಶಕದ ನಡುವಿನಲ್ಲಿ ನೆದರ್ಲೆಂಡಿನಲ್ಲಿ ಕಂಡಾಗಲೂ ಹಾಗೆಯೇ ಆಯಿತು. ಗಂಡಿನ ದಪ್ಪ ತೋಳು, ಎದೆಯ ರೋಮ ನೋಡಿ ಕ್ಯಾಪ್ರೆಲ್ಲಾ ಮಾಚೋ ಎಂಬ ಹೊಸ ಹೆಸರಿಟ್ಟರು. ಆಮೇಲೆ ಬೆಲ್ಜಿಯಂ, ನಾರ್ವೆ, ಸ್ಕಾಟ್ಲೆಂಡ್, ಐರ್ಲೆಂಡ್ ಒಂದಾದಮೇಲೊಂದು ದಡದಿಂದ ಸುದ್ದಿ ಬರತೊಡಗಿತು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲವೂ ಒಂದೇ ಜೀವಿ.

ಈ ತಪ್ಪು ಸಣ್ಣದಲ್ಲ. ಲಂಟಾನ ನಮ್ಮ ಕಾಡಿನಂಚು ನುಂಗಿದ್ದು, ಕಾಂಗ್ರೆಸ್ ಗಿಡ ನಮ್ಮ ಬಯಲು ನುಂಗಿದ್ದು ಕಣ್ಣಿಗೆ ಕಾಣುತ್ತದೆ; ಇವು ನಮ್ಮವಲ್ಲ ಎಂದು ಊರಿನ ಹಿರಿಯರಿಗೂ ಗೊತ್ತು. ಕಡಲಲ್ಲಿ ಹಾಗಲ್ಲ. ಮೊದಲು ಏನಿತ್ತು ಎಂದು ಬರೆದಿಟ್ಟವರಿಲ್ಲದಿದ್ದರೆ ನಿನ್ನೆ ಬಂದದ್ದು ಇಂದು ಸ್ಥಳೀಯವಾಗಿಬಿಡುತ್ತದೆ. ಅಮೆರಿಕದ ಕಡಲಜೀವಿ ತಜ್ಞ ಜೇಮ್ಸ್ ಕಾರ್ಲ್‌ಟನ್ 1996ರಲ್ಲಿ ಇಂಥ ಜೀವಿಗಳಿಗೆಂದೇ ಒಂದು ಹೊಸ ಪದ ತಂದರು. ತವರಿನದೋ ಹೊರಗಿನದೋ ಹೇಳಲಾಗದ, ಮೂಲ ಮರೆಯಾದ ಜೀವಿಗಳು ಎಂದು ಅದರ ಅರ್ಥ. ಬಂದರುಗಳಲ್ಲಿ ನಾವು ನಮ್ಮದೆಂದುಕೊಂಡ ಜೀವಿಗಳಲ್ಲಿ ಎಷ್ಟೋ ಈ ಗುಂಪಿಗೆ ಸೇರುತ್ತವೆ.

ಸರಿ, ದಾಟಿದ್ದು ಹೇಗೆ. ಅಮೆರಿಕದ ಪಶ್ಚಿಮ ಕರಾವಳಿಯವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಿಂದಲೇ ಜಪಾನಿನಿಂದ ಸಿಂಪಿಯ ಮರಿಗಳನ್ನು ತರಿಸಿ ಬೆಳೆಸುತ್ತಿದ್ದರು. ಒದ್ದೆ ಪೆಟ್ಟಿಗೆಗಳಲ್ಲಿ ಸಿಂಪಿಯ ಜೊತೆ ಪಾಚಿ ಬಂತು. ಪಾಚಿಯ ಜೊತೆ ಅದನ್ನು ಹಿಡಿದುಕೊಂಡವೂ ಬಂದವು. ಕಡ್ಡಿಸಿಗಡಿ ಕ್ಯಾಲಿಫೋರ್ನಿಯಾಕ್ಕೆ ಬಂದ ದಾರಿ ಇದೇ ಇರಬೇಕೆಂದು ತಜ್ಞರು ನಂಬುತ್ತಾರೆ. ಅಲ್ಲಿಂದಾಚೆಗೆ ಅದನ್ನು ಹೊತ್ತದ್ದು ಹಡಗುಗಳು. 2008ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಉತ್ತರಾರ್ಧಗೋಳದ ಕಡಲುಗಳಿಗೆ ಅದು ಒಂದೇ ಸಲ ಹೋದದ್ದಲ್ಲ, ಮತ್ತೆ ಮತ್ತೆ ಹೋಗಿದೆ ಎಂದು ತೋರಿಸಿತು.

ಹಡಗು ಎರಡು ರೀತಿಯಲ್ಲಿ ಹೊರುತ್ತದೆ, ಮೈಮೇಲೆ ಮತ್ತು ಹೊಟ್ಟೆಯಲ್ಲಿ. ಹಡಗಿನ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿ ಒಂದು ತೋಟವೇ ಬೆಳೆಯುತ್ತದೆ. ಎಂಜಿನ್ ತಣಿಸಲು ಕಡಲ ನೀರು ಹೀರಿಕೊಳ್ಳುವ ಗೂಡುಗಳು ತಳದಲ್ಲಿರುತ್ತವೆ. ಹೊರಗಿನ ನೀರಿನ ರಭಸ ತಟ್ಟದ ಆ ಗೂಡುಗಳು ಇಂಥ ಜೀವಿಗಳಿಗೆ ಬೆಚ್ಚನೆಯ ಕೋಣೆಗಳು. ಇನ್ನು ಹೊಟ್ಟೆಯ ಮಾತು. ಸರಕಿಲ್ಲದ ಹಡಗು ನಡುಗಡಲಲ್ಲಿ ಸ್ಥಿರವಾಗಿ ನಿಲ್ಲಲಾರದು. ಅದಕ್ಕೆ ಭಾರ ಬೇಕು. ಹೊರಟ ಬಂದರಿನ ನೀರನ್ನೇ ಸಾವಿರಾರು ಟನ್ ತುಂಬಿಕೊಂಡು ಹೊರಟು, ಸರಕು ಸಿಗುವ ಊರಲ್ಲಿ ಅದನ್ನು ಚೆಲ್ಲಿ ಸರಕು ಹೇರುತ್ತದೆ. ಇದು ಬ್ಯಾಲಾಸ್ಟ್ ನೀರು.

ಅಮೆರಿಕದ ಆರೆಗನ್ ರಾಜ್ಯದಲ್ಲಿ ಕೂಸ್ ಬೇ ಎಂಬ ಬಂದರಿದೆ. ಅಲ್ಲಿಂದ ಜಪಾನಿಗೆ ಮರದ ಚಕ್ಕೆ ಹೋಗುತ್ತಿತ್ತು. ಚಕ್ಕೆ ತುಂಬಲು ಬರುವ ಹಡಗುಗಳು ಜಪಾನಿನ ನೀರು ಹೊತ್ತು ಬರುತ್ತಿದ್ದವು. ಕಾರ್ಲ್‌ಟನ್ ಮತ್ತು ಜೊನಾಥನ್ ಗೆಲ್ಲರ್ ಅಂಥ 159 ಹಡಗುಗಳ ನೀರನ್ನು ಸೋಸಿ ನೋಡಿದರು. ಸಿಕ್ಕಿದ್ದು 367 ಬಗೆಯ ಜೀವಿಗಳು. 1993ರಲ್ಲಿ ಈ ಲೆಕ್ಕ ಪ್ರಕಟವಾದ ಮೇಲೆ ಬ್ಯಾಲಾಸ್ಟ್ ನೀರನ್ನು ಯಾರೂ ಬರೀ ನೀರು ಎನ್ನುವ ಹಾಗಿರಲಿಲ್ಲ.

ಕೂಸ್ ಬೇ ಕಥೆ ಓದುವಾಗ ನನಗೆ ಮಂಗಳೂರಿನ ಪಣಂಬೂರು ನೆನಪಾಗದೆ ಇರಲಿಲ್ಲ. ಕುದುರೆಮುಖದ ಕಬ್ಬಿಣದ ಅದಿರು ಪುಡಿಯಾಗಿ, ನೀರಿನ ಜೊತೆ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿದು ಅಲ್ಲಿಗೆ ಬರುತ್ತಿತ್ತು. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಆ ಅದಿರು ನವಮಂಗಳೂರು ಬಂದರಿನಿಂದ ಹೊರದೇಶಕ್ಕೆ ಹೋಯಿತು. ಅದಿರು ಹೇರಲು ಖಾಲಿಯಾಗಿ ಬರುವ ಹಡಗಿನ ಲೆಕ್ಕ ಎಲ್ಲ ಬಂದರಿನಲ್ಲೂ ಒಂದೇ: ಹೇರಿದಷ್ಟೂ ನೀರು ಹೊರಗೆ. ನಾವು ಬೆಟ್ಟ ಕಳಿಸಿದೆವು; ಬದಲಿಗೆ ಯಾರ್‍ಯಾರದೋ ಕಡಲು ನಮ್ಮ ಅಂಗಳಕ್ಕೆ ಬಂತು. ಕುದುರೆಮುಖದ ಚರ್ಚೆಯಲ್ಲಿ ಭದ್ರೆಯ ಹೂಳಿನ ಬಗ್ಗೆ, ಶೋಲಾ ಕಾಡಿನ ಬಗ್ಗೆ ಎಷ್ಟೋ ಮಾತಾಡಿದೆವು, ಮಾತಾಡಬೇಕಾದದ್ದೇ. ಕೊಳವೆಯ ಇನ್ನೊಂದು ತುದಿಯಲ್ಲಿ ಕಡಲಿಗೆ ಏನು ಸೇರಿತು ಎಂಬ ಪ್ರಶ್ನೆಗೂ ಅಷ್ಟೇ ತೂಕ ಸಿಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ಕಡೆ ಕಡ್ಡಿಸಿಗಡಿ ಬಂಡೆಗಳಿಗೆ ಹೋಗಿ ನೆಲೆಸಲಿಲ್ಲ. ಅದು ಹೆಚ್ಚಾಗಿ ಸಿಕ್ಕಿದ್ದು ಮನುಷ್ಯ ಕಡಲಲ್ಲಿ ತೂಗುಹಾಕಿದ ವಸ್ತುಗಳ ಮೇಲೆ: ಬೋಯೆಯ ಸರಪಳಿ, ವಿಹಾರ ದೋಣಿಗಳ ತೇಲುಕಟ್ಟೆ, ನೀಲಿಕಲ್ಲು ಚಿಪ್ಪು ಬೆಳೆಸುವ ಹಗ್ಗ, ಸಾಲ್ಮನ್ ಸಾಕುವ ಪಂಜರದ ಬಲೆ. ಇದರಲ್ಲಿ ಕಾರಣವಿದೆ. ಜಪಾನ್ ಸಮುದ್ರದಲ್ಲೂ ಅದು ತೇಲುವ ಪಾಚಿಯ ಮೇಲೆ ಬದುಕುತ್ತಿದ್ದದ್ದು. ಕೆಳಗಿನ ಶತ್ರುಗಳಿಗೆ ನಿಲುಕದ, ನೀರು ಸದಾ ಹರಿಯುವ, ಹಿಡಿದುಕೊಳ್ಳಲು ಎಳೆಗಳಿರುವ ಜಾಗ ಅದಕ್ಕೆ ಬೇಕು. ಪಂಜರದ ಬಲೆ ಅಂಥದ್ದೇ. ಜೊತೆಗೆ ಮೀನಿಗೆ ಹಾಕಿದ ತಿಂಡಿಯ ಪುಡಿ ದಿನವೂ ಮೇಲಿನಿಂದ ಉದುರುತ್ತದೆ. ಸ್ಕಾಟ್ಲೆಂಡಿನ ಸಾಕಣೆ ಪಂಜರಗಳಲ್ಲಿ ಒಂದು ಚದರ ಮೀಟರಿಗೆ 3 ಲಕ್ಷಕ್ಕೂ ಮೀರಿ ಎಣಿಸಿದ್ದಾರೆ. ತವರಿನಲ್ಲಿ ಅಷ್ಟೇ ಜಾಗದಲ್ಲಿ ಇರುವುದು ಸಾವಿರದ ಲೆಕ್ಕದಲ್ಲಿ. ಬಲೆ ನೀರಿನಿಂದ ಮೇಲೆತ್ತಿದರೆ ಹಗ್ಗವೇ ಜೀವ ಬಂದು ಅಲುಗಾಡಿದಂತೆ ಕಾಣುತ್ತದೆ.

ಇಷ್ಟು ಬೇಗ ಹೆಚ್ಚಲು ಅದರ ತಾಯ್ತನವೇ ಸಹಾಯ. ಡಿಂಭ ಬಿಡುವ ಜೀವಿಯಾದರೆ ಹೊಸ ಕಡಲಲ್ಲಿ ಮರಿಗಳು ಚದುರಿಹೋಗುತ್ತವೆ, ದೊಡ್ಡದಾದ ಮೇಲೆ ಜೋಡಿ ಸಿಗುವುದೇ ಕಷ್ಟ. ಕಡ್ಡಿಸಿಗಡಿಯ ಒಂದು ಬಸುರಿ ಹೆಣ್ಣು ಹಡಗಿನ ತಳದಿಂದ ಕಳಚಿ ಬಂದರಿನ ಹಗ್ಗಕ್ಕೆ ಅಂಟಿದರೆ ಸಾಕು. ಹತ್ತಾರು ಮರಿಗಳು ಅದೇ ಹಗ್ಗದ ಮೇಲೆ ಹುಟ್ಟುತ್ತವೆ, ಅಲ್ಲೇ ಬೆಳೆಯುತ್ತವೆ, ಕೆಲವೇ ವಾರಗಳಲ್ಲಿ ತಾವೂ ಮರಿ ಹಾಕುತ್ತವೆ. ಮನೆ ಬಿಟ್ಟು ಹೋಗಲಾರದ ಸ್ವಭಾವ ತವರಿನಲ್ಲಿ ಅದರ ಮಿತಿಯಾಗಿತ್ತು. ನಾವು ಹೊತ್ತು ಸಾಗಿಸಿದ ಮೇಲೆ ಅದೇ ಅದರ ಬಲವಾಯಿತು.

ಅದರಿಂದ ತೊಂದರೆ ಏನು ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆ. ಬಲೆ, ಹಗ್ಗ ಭಾರವಾಗುತ್ತವೆ, ತೊಳೆಯುವ ಖರ್ಚು ಏರುತ್ತದೆ. ಇದಕ್ಕಿಂತ ಆಳದ್ದು ಸ್ಥಳೀಯ ನೆಂಟರ ಪಾಡು. ಉತ್ತರ ಸಮುದ್ರದಲ್ಲಿ ಅದರದೇ ಕುಲದ ಕ್ಯಾಪ್ರೆಲ್ಲಾ ಲಿನಿಯಾರಿಸ್ ಹಿಂದಿನಿಂದಲೂ ಇದೆ. ಎರಡನ್ನೂ ಒಂದೇ ತೊಟ್ಟಿಯಲ್ಲಿಟ್ಟು ನೋಡಿದ ಪ್ರಯೋಗಗಳಲ್ಲಿ ಬಂದದ್ದು ಇದ್ದದ್ದನ್ನು ಹಿಡಿದ ಜಾಗದಿಂದ ಕಿತ್ತು ಹೊರಹಾಕಿತು. ಹಿಡಿತವೇ ಬದುಕಾದ ಜೀವಿಗೆ ಹಿಡಿತ ತಪ್ಪುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಂದು ಕಡ್ಡಿಸಿಗಡಿಯನ್ನು ರಾಕ್ಷಸನನ್ನಾಗಿ ಮಾಡುವುದು ನನಗೆ ಸರಿಬೀಳದು. ಮೀನುಗಳು ಅದನ್ನು ತಿನ್ನುತ್ತವೆ. ಅದನ್ನೇ ಬೆಳೆಸಿ ಮೀನಿಗೆ ಆಹಾರ ಮಾಡಬಹುದೇ ಎಂದು ನೋಡುತ್ತಿರುವವರೂ ಇದ್ದಾರೆ.

ಇದೊಂದೇ ಜೀವಿಯ ಕಥೆಯೂ ಅಲ್ಲ. ಕ್ಯಾಸ್ಪಿಯನ್, ಕಪ್ಪು ಸಮುದ್ರಗಳ ಕಡೆಯ ಉದ್ದಬಾಲದ ನೀರುಚಿಗಟವೊಂದು 1992ರಲ್ಲಿ ಬಾಲ್ಟಿಕ್ ಸಮುದ್ರದಲ್ಲೂ 1998ರಲ್ಲಿ ಉತ್ತರ ಅಮೆರಿಕದ ಆಂಟೇರಿಯೊ ಸರೋವರದಲ್ಲೂ ಕಂಡಿತು. ಅದರ ಕೊಕ್ಕೆಬಾಲಗಳು ಒಂದಕ್ಕೊಂದು ತೊಡರಿ ಮೀನುಗಾರರ ಬಲೆಗೆ ಒದ್ದೆ ಹತ್ತಿಯಂತೆ ಮೆತ್ತಿಕೊಳ್ಳುತ್ತವೆ. ಎರಡನೆಯ ಮಹಾಯುದ್ಧದ ಹಡಗುಗಳ ಜೊತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಬಾರ್ನಕಲ್ ಇಂಗ್ಲೆಂಡಿಗೆ ಬಂದು 1945ರಲ್ಲಿ ಚಿಚೆಸ್ಟರ್ ಬಂದರಿನಲ್ಲಿ ಸಿಕ್ಕಿತು. ದೋಣಿಯ ತಳಕ್ಕೆ ಸುಣ್ಣದ ಮೊಗ್ಗಿನಂತೆ ಅಂಟುವ ಬಾರ್ನಕಲ್ಲನ್ನು ನೋಡಿದವರು ಚಿಪ್ಪಿನ ಜಾತಿ ಎಂದುಕೊಳ್ಳುತ್ತಾರೆ. ಅದೂ ಸಿಗಡಿ, ಏಡಿಗಳ ಕುಲವೇ.

ಹೊರಗಿನಿಂದ ಬರುವುದು ಮಾತ್ರವಲ್ಲ, ನಮ್ಮ ಕಡೆಯಿಂದ ಹೋಗುವುದೂ ಇದೆ. ಕಡ್ಡಿಸಿಗಡಿಯ ಇನ್ನೊಂದು ಜಾತಿ ಕ್ಯಾಪ್ರೆಲ್ಲಾ ಸ್ಕೌರಾವನ್ನು ಮೊದಲು ವರ್ಣಿಸಿದ್ದು 1836ರಲ್ಲಿ, ಮಾರಿಷಸ್‌ನಿಂದ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಅದರ ತವರೆಂದು ಎಣಿಕೆ. ಅದು 1994ರಲ್ಲಿ ವೆನಿಸಿನ ಹಿನ್ನೀರಿನಲ್ಲಿ ಕಾಣಿಸಿಕೊಂಡು, ಮೆಡಿಟರೇನಿಯನ್ನಿನ ದೋಣಿಕಟ್ಟೆಯಿಂದ ದೋಣಿಕಟ್ಟೆಗೆ ಹರಡಿತು. ಅಲ್ಲಿಯ ಸಂಶೋಧಕರ ಕಣ್ಣಿಗೆ ಪರದೇಶಿ ಬಂದದ್ದು ನಮ್ಮ ಕಡಲಿನಿಂದ.

ಇದನ್ನು ಓದಿ ಯಾರಾದರೂ, ತೇಲುವ ಮರದ ಮೇಲೆ ಜೀವಿಗಳು ಹಿಂದೆಯೂ ಕಡಲು ದಾಟುತ್ತಿರಲಿಲ್ಲವೇ ಎನ್ನಬಹುದು. ದಾಟುತ್ತಿದ್ದವು. ಆದರೆ ಮರ ಕೊಳೆಯುತ್ತದೆ, ಮುಳುಗುತ್ತದೆ. 2011ರ ಮಾರ್ಚ್ 11ರ ಸುನಾಮಿ ಜಪಾನಿನ ಮಿಸಾವಾ ಬಂದರಿನಿಂದ ಕಿತ್ತೊಯ್ದ ಕಾಂಕ್ರೀಟು, ಫೋಮಿನ ತೇಲುಕಟ್ಟೆ 2012ರ ಜೂನ್‌ನಲ್ಲಿ ಆರೆಗನ್ನಿನ ಮರಳದಂಡೆಗೆ ಬಂದು ನಿಂತಿತು. ಸುಮಾರು 20 ಮೀಟರು ಉದ್ದ, ಮೈತುಂಬ ಜೀವಂತ ಪಾಚಿ, ಚಿಪ್ಪು, ಏಡಿ. ಸುನಾಮಿಯಾದ ಆರು ವರ್ಷಗಳಲ್ಲಿ ಅದರ ತೇಲುಕಸದ ಮೇಲೆ ಜಪಾನಿನ 289 ಜಾತಿಗಳು ಜೀವಸಹಿತ ಬಂದದ್ದರ ಲೆಕ್ಕವನ್ನು ಕಾರ್ಲ್‌ಟನ್ ಮತ್ತು ಸಂಗಡಿಗರು 2017ರಲ್ಲಿ ಕೊಟ್ಟರು. ಅಲೆ ಪ್ರಕೃತಿಯದು. ವರ್ಷಗಟ್ಟಲೆ ಮುಳುಗದೆ ತೇಲಿದ ಪ್ಲಾಸ್ಟಿಕ್ಕು, ಫೈಬರು ನಮ್ಮವು.

ತಡೆಯುವ ಪ್ರಯತ್ನ ನಡೆದಿಲ್ಲವೆಂದಲ್ಲ. ಬ್ಯಾಲಾಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು, ಸಾಕಷ್ಟು ದೇಶಗಳ ಒಪ್ಪಿಗೆ ಸಿಗಲು ಹನ್ನೆರಡು ವರ್ಷಕ್ಕೂ ಹೆಚ್ಚು ಹಿಡಿದು, 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಮೊದಮೊದಲು ಬಂದರಿನ ನೀರನ್ನು ಆಳಗಡಲಿನಲ್ಲಿ ಚೆಲ್ಲಿ ಅಲ್ಲಿಯ ನೀರು ತುಂಬಿಕೊಳ್ಳುವುದೇ ಉಪಾಯವಾಗಿತ್ತು. ಈಗ ಹಡಗಿನಲ್ಲೇ ಸೋಸಿ, ಅತಿನೇರಳೆ ಕಿರಣ ಹಾಯಿಸಿಯೋ ಕ್ಲೋರಿನ್ ಬಳಸಿಯೋ ಶುದ್ಧ ಮಾಡಬೇಕು. ಚೆಲ್ಲುವ ಒಂದು ಘನಮೀಟರ್ ನೀರಿನಲ್ಲಿ, ಕೂದಲೆಳೆಯಷ್ಟು ಅಥವಾ ಅದಕ್ಕಿಂತ ದಪ್ಪದ, ಬದುಕಿರುವ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು.

ಹಡಗಿನ ಹೊಟ್ಟೆಗೆ ಹೀಗೆ ಕಾನೂನು ಬಂತು. ಮೈಗೆ ಅಷ್ಟು ಬಿಗಿಯಾದದ್ದು ಇನ್ನೂ ಬಂದಿಲ್ಲ. ಕಡ್ಡಿಸಿಗಡಿಯಂಥ ಹಿಡಿದುಕೊಳ್ಳುವ ಜೀವಿಗಳಿಗೆ ಮೈಯೇ ಮುಖ್ಯ ದಾರಿ. ಒಂದು ಕಾಲದಲ್ಲಿ ಹಡಗಿನ ತಳಕ್ಕೆ ಟಿಬಿಟಿ ಎಂಬ ತವರದ ಸಂಯುಕ್ತ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಅದಕ್ಕೆ ಏನೂ ಅಂಟುತ್ತಿರಲಿಲ್ಲ, ನಿಜ. ಆದರೆ ಅದರ ವಿಷಕ್ಕೆ ಬಂದರಿನ ಹೆಣ್ಣು ಬಸವನಹುಳುಗಳಲ್ಲಿ ಗಂಡಿನ ಅಂಗ ಬೆಳೆದು ಸಂತಾನವೇ ನಿಂತುಹೋಗತೊಡಗಿತು. 2008ರಲ್ಲಿ ಅದರ ಮೇಲೆ ಜಗತ್ತಿನಾದ್ಯಂತ ನಿಷೇಧ ಬಿತ್ತು, ಬೀಳಲೇಬೇಕಿತ್ತು. ಅಷ್ಟು ಬಲದ, ಯಾರಿಗೂ ಹಾನಿ ಮಾಡದ ಬಣ್ಣ ಇನ್ನೂ ಕೈಗೆ ಬಂದಿಲ್ಲ. 2018ರಿಂದ ನ್ಯೂಜಿಲೆಂಡ್ ಮುಂದಾಗಿ, ತಳ ಶುಚಿಯಿಲ್ಲದ ಹಡಗು ನಮ್ಮ ನೀರಿಗೆ ಬರಬಾರದು ಎಂದು ಕಡ್ಡಾಯ ಮಾಡಿತು. ಉಳಿದ ಕಡೆಗೆ ಹೆಚ್ಚಾಗಿ ಇರುವುದು ಮಾರ್ಗಸೂಚಿ.

ಒಮ್ಮೆ ಬೇರೂರಿದ್ದನ್ನು ಕೀಳುವುದು ಎಷ್ಟು ಕಷ್ಟವೆಂದು ಹೇಳಲು ಏಡಿ ಸಿಗಡಿಗಳ ಕುಲ ಬಿಟ್ಟು ಒಂದು ಚಿಪ್ಪಿನ ಕಥೆ ಹೇಳಬೇಕು. ಮಧ್ಯ ಅಮೆರಿಕದ ಕಡೆಯ ಕಪ್ಪುಪಟ್ಟೆಯ ಚಿಪ್ಪು 1967ರಲ್ಲಿ ನಮ್ಮ ವಿಶಾಖಪಟ್ಟಣ ಬಂದರಿನಲ್ಲಿ ಕಂಡಿತು, ಮುಂಬಯಿಗೂ ಬಂತು, ಇಂದಿಗೂ ಇದೆ. ಅದೇ ಚಿಪ್ಪು 1999ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿಕಟ್ಟೆಯಲ್ಲಿ ಕಂಡಾಗ ಅಲ್ಲಿಯವರು ಕೆಲವೇ ದಿನಗಳಲ್ಲಿ ಮೂರು ದೋಣಿಕಟ್ಟೆಗಳನ್ನು ಮುಚ್ಚಿದರು. ಡಾರ್ವಿನ್ನಿನಲ್ಲಿ ಕಡಲ ಉಬ್ಬರ ಇಳಿತ ಬಹಳ ಹೆಚ್ಚಾದ್ದರಿಂದ ಆ ಕಟ್ಟೆಗಳಿಗೆ ಮೊದಲೇ ಬಾಗಿಲುಗಳಿದ್ದವು. ಒಳಗಿನ ನೀರಿಗೆ ಕ್ಲೋರಿನ್, ತಾಮ್ರದ ಸಲ್ಫೇಟ್ ಸುರಿದು ಒಳಗಿದ್ದ ಎಲ್ಲವನ್ನೂ ಕೊಂದರು. ಚಿಪ್ಪು ಹೋಯಿತು, ಅದರ ಜೊತೆ ಉಳಿದ ಜೀವಗಳೂ ಹೋದವು. ಬಾಗಿಲಿಲ್ಲದ ಕಡಲಲ್ಲಿ ಈ ಚಿಕಿತ್ಸೆ ನಡೆಯುವುದಿಲ್ಲ.

ಜಪಾನಿನ ಕಡ್ಡಿಸಿಗಡಿ ನಮ್ಮ ಕರಾವಳಿಗೆ ಬಂದು ತುಂಬೀತೆಂಬ ಭಯ ನನಗಿಲ್ಲ. ಸ್ಕಾಟ್ಲೆಂಡಿನ ಪ್ರಯೋಗಾಲಯದಲ್ಲಿ ನೀರಿನ ಬಿಸಿ 28 ಡಿಗ್ರಿ ದಾಟಿದಾಗ ಎರಡೇ ದಿನದಲ್ಲಿ ಅರ್ಧದಷ್ಟು ಸತ್ತವು. ಮುಂಗಾರಿಗೆ ಮುಂಚೆ ನಮ್ಮ ಕಡಲ ಮೇಲ್ಮೈ 30ರ ಹತ್ತಿರ ಇರುತ್ತದೆ. ನನ್ನ ಚಿಂತೆ ಬಿಸಿನೀರಿಗೆ ಒಗ್ಗಿದ ಜೀವಿಗಳದು: ಬೇರೆ ಕಡ್ಡಿಸಿಗಡಿಗಳು, ಬಾರ್ನಕಲ್ಲುಗಳು, ಏಡಿಗಳು. ಕಾರವಾರದ ಕಡೆ ಕಡಲಲ್ಲಿ ಪಂಜರ ಇಳಿಸಿ ಕುರುಡಿ ಮೀನು, ಕೋಬಿಯಾ ಸಾಕುವ ಪ್ರಯೋಗಗಳನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಡೆಸಿದೆ. ಮೀನುಗಾರರಿಗೆ ಒಳ್ಳೆಯದೇ ಆಗಲಿ. ಆದರೆ ಪ್ರತಿಯೊಂದು ಪಂಜರ, ಪ್ರತಿಯೊಂದು ಬೋಯೆ ತೂಗುವ ಹೊಸ ನೆಲೆ ಎಂಬುದನ್ನು ಸ್ಕಾಟ್ಲೆಂಡಿನವರ ಲೆಕ್ಕದಿಂದ ನಾವು ಕಲಿಯಬಹುದು.

ವನಾಮಿ ಸಿಗಡಿಯನ್ನು ನೆನೆಯಿರಿ. ಅದೂ ಹೊರಗಿನದು, ಅಮೆರಿಕ ಖಂಡಗಳ ಶಾಂತಸಾಗರ ತೀರದ್ದು. 2009ರಲ್ಲಿ ಸರ್ಕಾರ ಅನುಮತಿ ಕೊಟ್ಟು, ರೋಗವಿಲ್ಲದ ತಾಯಿಸಿಗಡಿಗಳನ್ನೇ ಆರಿಸಿ, ಚೆನ್ನೈಯಲ್ಲಿ ಪ್ರತ್ಯೇಕ ಇಟ್ಟು ಪರೀಕ್ಷಿಸಿ ಒಳಗೆ ಬಿಟ್ಟಿತು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಸಿಗಡಿ ಕೆರೆಗಳನ್ನು ಹಾಳುಮಾಡಿದ ನೋವಿನಿಂದ ಹುಟ್ಟಿದ ಎಚ್ಚರ ಅದು. ಬೆಲೆ ಬಾಳುವ ಸಿಗಡಿಗೆ ಇಷ್ಟು ಕಾವಲು ಹಾಕಲು ನಮಗೆ ಬರುತ್ತದೆ ಎಂದಮೇಲೆ, ಬೆಲೆಯಿಲ್ಲದ ಸಿಗಡಿ ಯಾವ ಕಾಗದವೂ ಇಲ್ಲದೆ ದಕ್ಕೆಗೆ ಬಂದು ಇಳಿಯುವುದನ್ನು ನೋಡಲೂ ಒಬ್ಬರು ಬೇಕು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ದೊಡ್ಡ ಬಂದರುಗಳಲ್ಲಿ ಈಗ ಯಾವ ಜೀವಿಗಳಿವೆ ಎಂದು ಪಟ್ಟಿ ಮಾಡುವ ಕೆಲಸ ಮಾಡಿದೆ. ದೊಡ್ಡ ಬಂದರಿನ ಆಚೆ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿಗಳಲ್ಲೂ ಆ ಪಟ್ಟಿ ಬೇಕು.

ಅದಕ್ಕೆ ದುಬಾರಿ ಹಡಗು ಬೇಕಾಗಿಲ್ಲ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಸಮಯದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು, ತಳ ಕೆರೆದು, ಹೊಸ ಬಣ್ಣ ಬಳಿಯುತ್ತಾರೆ. ಹಳೆಯ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದಿತ್ತು. ಒಂದು ವರ್ಷ ಕಡಲಲ್ಲಿ ಓಡಿದ ಬೋಟು ಎಲ್ಲೆಲ್ಲಿ ಏನೇನು ಹತ್ತಿಸಿಕೊಂಡಿತು ಎಂಬುದೆಲ್ಲ ಆ ಕೆರೆದ ರಾಶಿಯಲ್ಲಿದೆ. ಒಂದು ಹಿಡಿ ತೆಗೆದು ಸ್ಪಿರಿಟಿನ ಬಾಟಲಿಗೆ ಹಾಕಿ, ಬೋಟಿನ ಹೆಸರು, ದಿನಾಂಕ ಬರೆದು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಮಕ್ಕಳ ಕೈಗೆ ಕೊಟ್ಟರೆ ಹತ್ತು ವರ್ಷದಲ್ಲಿ ನಮ್ಮದೇ ಒಂದು ದಾಖಲೆ ಆಗುತ್ತದೆ. ಈಗ ಆ ರಾಶಿ ಬೋಟಿನ ಕೆಳಗೇ ಬಿದ್ದಿರುತ್ತದೆ. ಕಾಗೆಗಳು ಬಂದು ಕೆದಕುತ್ತವೆ. ಸಂಜೆಯ ಮಳೆ ಉಳಿದದ್ದನ್ನು ತೊಳೆದು, ಅಳಿವೆಯ ಕಡೆಗೆ ಒಯ್ಯುತ್ತದೆ.